ಗುಂಪು ಯಾವುದು, ಕಾರ್ಯಕ್ರಮ ಯಾವುದು

ಲಾಕ್‌ಡೌನ್ ಕಾಲದಲ್ಲಿ ಕನ್ನಡ ನ್ಯೂಸ್ ಚಾನೆಲ್ಲುಗಳು ಅತಿ ಹೆಚ್ಚು ಸವೆಸಿದ ಪದ ಯಾವುದು ಅಂತ ಯಾರಾದರೂ ಕೇಳಿದರೆ ನಾನು ‘ಕೊರೊನಾ’ ಅನ್ನುವುದಿಲ್ಲ, ‘ಸುಖಾಸುಮ್ಮನೆ’ ಅಂತೀನಿ. ಸುಖಾಸುಮ್ಮನೆ ರಸ್ತೆಗಿಳಿದವರಿಗೆ ಲಾಠಿ ರುಚಿ. ಸುಖಾಸುಮ್ಮನೆ ಓಡಾಡ್ತಿದ್ದವರಿಗೆ ಬಸ್ಕಿ ಶಿಕ್ಷೆ. ಸುಖಾಸುಮ್ಮನೆ ಬಂದವನ ಬೈಕ್ ಸೀಜ್. ಹಿನ್ನೆಲೆಯಲ್ಲಿ ಯಾವುದೋ ಸಿನಿಮಾದ ಮಾಸ್ ಮ್ಯೂಸಿಕ್ಕು, ಪರದೆ ಮೇಲೆ ಬೆನ್ನಿಗೆ ಕೈ ಅಡ್ಡ ಹಿಡಿದು ಓಡುತ್ತಿರುವ ಒಬ್ಬ ಮನುಷ್ಯ. ಡಾಲ್ಗೋನಾ ಕಾಫಿ ಕಲಸುತ್ತಾ ಇಡೀ ನಗರ ಅದನ್ನು ನೋಡಿತು, ನಕ್ಕಿತು, ಫಾರ್ವರ್ಡ್ ಮಾಡಿತು.

ಆ ಮನುಷ್ಯ ನಿಜಕ್ಕೂ ಸುಖಾಸುಮ್ಮನೆ ಬಂದಿದ್ದನಾ? ಅದನ್ನು ಯಾವ ವರದಿಗಾರನೂ ಕೇಳಲಿಲ್ಲ. ಕೇಳುವ ಹೊತ್ತಿಗೆ ಅವನು ಓಡಿ ಹೋಗಿರುತ್ತಿದ್ದ. ನಮ್ಮ ಟೀಮಿನ ಹುಡುಗನೊಬ್ಬ ಅಮ್ಮನ ಬಿಪಿ ಮಾತ್ರೆ ತರಲು ಹೋಗಿ ತೊಡೆಯ ಮೇಲೆ ಬಾಸುಂಡೆ ಹೊತ್ತು ಬಂದ. ಮಾತ್ರೆಯ ಸ್ಟ್ರಿಪ್ ಜೇಬಿನಲ್ಲೇ ಇತ್ತು. "ಏಟು ಬಿದ್ದ ಮೇಲೆ ತೋರಿಸಿದೆ ಗುರೂ, ಆವಾಗ ಅವರು ಮುಂಚೆನೇ ತೋರಿಸೋಕೇನು ರೋಗ ಅಂದ್ರು" ಅಂತ ಸ್ಟ್ಯಾಂಡ್‌ಅಪ್ ಕಾಲಿನಲ್ಲಿ ಹೇಳಿಕೊಂಡು ತಾನೇ ನಕ್ಕ. ಕ್ಯಾಮೆರಾ ಆಫ್ ಇತ್ತು, ಬೇರೆ ಯಾರು ನಕ್ಕರೋ ಗೊತ್ತಾಗಲಿಲ್ಲ.

ಈಗ ಇದನ್ನೆಲ್ಲ ಯಾಕೆ ಕೆದಕೋದು ಅಂತ ಕೇಳಬಹುದು. ಮಾಸ್ಕು ಕಸದ ಬುಟ್ಟಿ ಸೇರಿದೆ, ಸ್ಯಾನಿಟೈಸರ್ ಬಾಟಲಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಣಗಿದೆ. ಆದರೆ ಜನ ಸೇರುವುದನ್ನು ಪೊಲೀಸರು ತಡೆಯಬಹುದಾ, ಹೇಗೆ, ಎಷ್ಟು ಅಂತ ಆ ಎರಡು ವರ್ಷ ನಾವು ಮಾಡಿದ ಚರ್ಚೆ ಇದೆಯಲ್ಲ, ಅದರಷ್ಟು ಕೆಟ್ಟ ಸಾರ್ವಜನಿಕ ಚರ್ಚೆಯನ್ನು ನಾನು ಕಂಡಿಲ್ಲ. ಕೆಟ್ಟದ್ದು ಅಂದರೆ ಗಲಾಟೆ ಜಾಸ್ತಿ ಇತ್ತು ಅಂತಲ್ಲ. ಕೇಳಬೇಕಾದ ಪ್ರಶ್ನೆ ಬಿಟ್ಟು ಬೇರೆಲ್ಲ ಕೇಳಿದೆವು. ‘ಅವರು ಸೇರಬಹುದಿತ್ತಾ?’ ಅಂತ ಕೇಳಿದೆವು. ‘ಸೇರಬಹುದೋ ಇಲ್ಲವೋ ಅಂತ ತೀರ್ಮಾನ ಮಾಡೋದು ಯಾರು, ಯಾವ ಬರಹದ ಆಧಾರದ ಮೇಲೆ, ತಪ್ಪಿದರೆ ಯಾವ ಶಿಕ್ಷೆ?’ ಇದು ಹೆಚ್ಚುಕಡಿಮೆ ಹೈಕೋರ್ಟಿನ ಒಳಗೆ ಮಾತ್ರ ಕೇಳಿಸಿತು.

ಮೊದಲು ಭಾಷೆಯನ್ನೇ ನೋಡೋಣ, ಯಾಕಂದ್ರೆ ಅರ್ಧ ಕೆಲಸ ಅಲ್ಲೇ ಮುಗಿದಿತ್ತು. ಕನ್ನಡದಲ್ಲಿ ಏಟನ್ನು ತಿನ್ನುತ್ತೇವೆ. ಒದೆಯನ್ನೂ ತಿನ್ನುತ್ತೇವೆ. ಮೇಷ್ಟ್ರು ಬೆತ್ತದ ಕಜ್ಜಾಯ ಕೊಡುತ್ತಿದ್ದರು. ಹೊಡೆತಕ್ಕೆ ಅಡುಗೆಮನೆಯ ಮಾತು ಹಚ್ಚುವುದು ನಮ್ಮ ಹಳೇ ಅಭ್ಯಾಸ. ಅದರಲ್ಲೊಂದು ಸಲಿಗೆಯಿದೆ, ಮನೆಯವರೇ ಹೊಡೆದರು ಅನ್ನುವ ಧಾಟಿ. ಚಾನೆಲ್ಲುಗಳು ಇದನ್ನು ಎತ್ತಿಕೊಂಡು ಪೊಲೀಸರಿಗೆ ಕೊಟ್ಟವು. ಲಾಠಿ ‘ರುಚಿ’ ತೋರಿಸಿದರು, ‘ಬಿಸಿ’ ಮುಟ್ಟಿಸಿದರು, ‘ಬುದ್ಧಿ’ ಕಲಿಸಿದರು. ಹೊಡೆದರು ಅನ್ನುವ ನೇರ ಕ್ರಿಯಾಪದ ಅಪರೂಪ. ‘ಹೊಡೆದರು’ ಅಂತ ಬರೆದರೆ ಯಾರಿಗೆ, ಎಲ್ಲಿಗೆ, ಯಾಕೆ ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ. ‘ರುಚಿ ತೋರಿಸಿದರು’ ಅಂದಾಗ ಯಾರೂ ಏನೂ ಕೇಳುವುದಿಲ್ಲ.

ಇನ್ನೊಂದು ಕಡೆಯ ವ್ಯಾಕರಣ ನೋಡಿ. ರಾಜಕಾರಣಿಯ ಮೆರವಣಿಗೆಯಲ್ಲಿ ಐದು ಸಾವಿರ ಜನ ಸೇರಿದರೆ ಶೀರ್ಷಿಕೆ ಏನಿರುತ್ತಿತ್ತು? ‘ಸಾಮಾಜಿಕ ಅಂತರ ಮಾಯ’. ಅಂತರ ತಾನಾಗೇ ಮಾಯವಾಯಿತಂತೆ! ‘ಮಾಸ್ಕ್ ಮರೆತ ಅಭಿಮಾನಿಗಳು’. ಮರೆತದ್ದು ಅಭಿಮಾನಿಗಳು, ಕರೆದವರು ವಾಕ್ಯದಲ್ಲೇ ಇಲ್ಲ. ಒಬ್ಬನೇ ಬೈಕಿನಲ್ಲಿ ಬಂದವನು ‘ಪುಂಡ’, ಸಾವಿರ ಜನರನ್ನು ಸೇರಿಸಿದವರು ಕರ್ತೃಪದವೂ ಅಲ್ಲ. ಅಲ್ಲಿ ಸೇರಿದ್ದು ಗುಂಪಲ್ಲ, ಕಾರ್ಯಕ್ರಮ.

ಈಗ ಕಾನೂನು. ಬೇಜಾರು ಮಾಡಿಕೊಳ್ಳಬೇಡಿ, ಎರಡೇ ಪ್ಯಾರಾ. ನಿರ್ಬಂಧ ಮುರಿದವರ ಮೇಲೆ ಮುಖ್ಯವಾಗಿ ಬಳಕೆಯಾದದ್ದು ಐಪಿಸಿ 188, 269, 270ನೇ ಸೆಕ್ಷನ್‌ಗಳು ಮತ್ತು 2005ರ ವಿಪತ್ತು ನಿರ್ವಹಣಾ ಕಾಯ್ದೆಯ 51ನೇ ಸೆಕ್ಷನ್. ಸರ್ಕಾರಿ ಅಧಿಕಾರಿಯ ಆದೇಶ ಉಲ್ಲಂಘಿಸಿದ್ದಕ್ಕೆ 188ರಲ್ಲಿ ಗರಿಷ್ಠ ಒಂದು ತಿಂಗಳ ಜೈಲು ಅಥವಾ 200 ರೂಪಾಯಿ ದಂಡ. ಜೀವಕ್ಕೆ ಅಪಾಯ ತರುವಂಥದ್ದಾದರೆ ಆರು ತಿಂಗಳು ಅಥವಾ 1000 ರೂಪಾಯಿ. ಅದೂ ಆ ಅಧಿಕಾರಿ ಲಿಖಿತ ದೂರು ಕೊಟ್ಟರೆ ಮಾತ್ರ ಕೋರ್ಟು ಕೇಸನ್ನು ಕೈಗೆತ್ತಿಕೊಳ್ಳಬಹುದು. ಬ್ರಿಟಿಷರ ಕಾಲದ ಐಪಿಸಿ ಕೂಡ ಇಷ್ಟು ಹಿಡಿತ ಇಟ್ಟಿತ್ತು. ಸಾಂಕ್ರಾಮಿಕ ರೋಗಗಳ ಕಾಯ್ದೆಯಂತೂ 1897ರದ್ದು, ಮುಂಬೈ ಪ್ಲೇಗಿಗೆ ಹೆದರಿ ಗಡಿಬಿಡಿಯಲ್ಲಿ ತಂದದ್ದು.

ಇವುಗಳಲ್ಲಿ ಯಾವುದರಲ್ಲೂ ಬಸ್ಕಿ ಇಲ್ಲ, ಕಪ್ಪೆ ಜಿಗಿತ ಇಲ್ಲ, ತೊಡೆಗೆ ಬಾರಿಸುವುದಂತೂ ಇಲ್ಲವೇ ಇಲ್ಲ. ಬೆಂಗಳೂರಿನಲ್ಲಿ 2020ರ ಮಾರ್ಚ್ ಕೊನೆಯ ವಾರ ಅಂದಿನ ಕಮಿಷನರ್ ಭಾಸ್ಕರ್ ರಾವ್ ಅವರೇ, ಲಾಠಿಗಳನ್ನು ಠಾಣೆಯಲ್ಲಿಟ್ಟು ಡ್ಯೂಟಿಗೆ ಹೋಗಿ ಅಂತ ತಮ್ಮ ಸಿಬ್ಬಂದಿಗೆ ಹೇಳಬೇಕಾಯಿತು. ಒಳ್ಳೆಯ ಆದೇಶ. ಆದರೆ ಆ ಆದೇಶಕ್ಕೆ ಕಾಮೆಂಟುಗಳಲ್ಲಿ ಬಂದ ಉತ್ತರ ಏನು? ‘ಲಾಠಿ ಇಲ್ಲದೆ ಈ ಜನಕ್ಕೆ ಬುದ್ಧಿ ಬರಲ್ಲ ಸಾರ್.’ ಪೊಲೀಸ್ ಕಮಿಷನರ್ ಬೇಡ ಅಂದರೂ ನಾಗರಿಕರು ಬೇಕು ಅಂದದ್ದು ಇತಿಹಾಸದಲ್ಲಿ ಬರೆದಿಡಬೇಕಾದ ವಿಷಯ. ‘ಈ ಜನ’ ಅಂದಾಗ ಬರೆಯುವವರು ಅದರಲ್ಲಿ ಸೇರಿಲ್ಲ ಅನ್ನುವುದನ್ನೂ ಗಮನಿಸಿ. ಅವರಿಗೆ ದಿನಸಿ ಡೆಲಿವರಿ ಹುಡುಗ ತಂದುಕೊಡುತ್ತಿದ್ದ. ಅವನೂ ನಾಕಾಬಂದಿ ದಾಟಿಕೊಂಡೇ ಬರಬೇಕಿತ್ತು.

ಈ ಚರ್ಚೆಯ ಪೂರ್ತಿ ಚಿತ್ರ ಬೇಕಾದರೆ 2020ರ ಏಪ್ರಿಲ್‌ನ ಹತ್ತು ದಿನ ಸಾಕು. ಅದಕ್ಕೂ ಮುಂಚಿನ ಒಂದು ಸಂಗತಿ ಹೇಳಿಬಿಡುತ್ತೇನೆ. ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ. ಅದು ಖಚಿತವಾದದ್ದು ಮಾರ್ಚ್ 12ಕ್ಕೆ. ಮರುದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಮಾಲು, ಸಿನಿಮಾ, ಸಮಾವೇಶ, ಅದ್ದೂರಿ ಮದುವೆ ಎಲ್ಲ ಒಂದು ವಾರ ಬಂದ್ ಅಂದರು. ಮಾರ್ಚ್ 15ಕ್ಕೆ ಬೆಳಗಾವಿಯಲ್ಲಿ ತಮ್ಮದೇ ಪಕ್ಷದ ವಿಧಾನ ಪರಿಷತ್ ಸದಸ್ಯರ ಮಗಳ ಮದುವೆಗೆ ಹೋಗಿ ಅಕ್ಷತೆ ಹಾಕಿದರು. ಅಲ್ಲಿ ಸೇರಿದ್ದು ಸಾವಿರಾರು ಜನ ಅಂತ ಪತ್ರಿಕೆಗಳು ಬರೆದವು. ನಿಯಮ ಮಾಡಿದವರೇ ಎರಡೇ ದಿನದಲ್ಲಿ ಅದಕ್ಕೊಂದು ವಿನಾಯಿತಿ ಬರೆದುಬಿಟ್ಟರು. ಕಾಗದದ ಮೇಲಲ್ಲ, ಮಂಟಪದಲ್ಲಿ.

ಇನ್ನು ಏಪ್ರಿಲ್. ಹತ್ತನೇ ತಾರೀಖು: ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ತುರುವೇಕೆರೆಯ ಶಾಸಕ ಮಸಾಲಾ ಜಯರಾಂ ಅವರ ಹುಟ್ಟುಹಬ್ಬ. ಕೇಕು, ಹಾರ, ಬಿರಿಯಾನಿ. ಹದಿನಾರನೇ ತಾರೀಖು: ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ರಾವೂರಿನಲ್ಲಿ ಸಿದ್ಧಲಿಂಗೇಶ್ವರ ಜಾತ್ರೆಯ ತೇರು ಎಳೆದರು. ಹದಿನೇಳು: ಬಿಡದಿ ಹತ್ತಿರ ಕೇತಗಾನಹಳ್ಳಿಯ ತೋಟದ ಮನೆಯಲ್ಲಿ ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ ನಿಖಿಲ್ ಮದುವೆ. ಹತ್ತೊಂಬತ್ತು: ಬೆಂಗಳೂರಿನ ಪಾದರಾಯನಪುರದಲ್ಲಿ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕ್ವಾರಂಟೈನಿಗೆ ಕರೆದೊಯ್ಯಲು ಹೋದ ಆರೋಗ್ಯ, ಪಾಲಿಕೆ, ಪೊಲೀಸ್ ಸಿಬ್ಬಂದಿಯ ಮೇಲೆ ಗುಂಪು ತಿರುಗಿಬಿತ್ತು, ಬ್ಯಾರಿಕೇಡು, ಟೆಂಟು ಕಿತ್ತೆಸೆದರು.

ಈ ನಾಲ್ಕೂ ಒಂದೇ ಅಂತ ನಾನು ಹೇಳುತ್ತಿಲ್ಲ. ಡ್ಯೂಟಿ ಮೇಲೆ ಬಂದವರನ್ನು ಬೆದರಿಸಿ ಓಡಿಸುವುದಕ್ಕೂ ಮದುವೆ ಊಟಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಅಪರಾಧ, ಅದಕ್ಕೆ ಕೇಸು ಆಗಲೇಬೇಕಿತ್ತು, ಆಯಿತು. ನೂರಕ್ಕೂ ಹೆಚ್ಚು ಜನ ಅರೆಸ್ಟ್. ಆಮೇಲೆ ನಡೆದದ್ದು ಸ್ವಾರಸ್ಯ. ಆಗ ಒಂದೂ ಕೊರೊನಾ ಕೇಸಿಲ್ಲದ ರಾಮನಗರದ ಜೈಲಿಗೆ ಅವರನ್ನು ಬಸ್ಸಿನಲ್ಲಿ ತುಂಬಿ ಕಳಿಸಿದರು. ಕೆಲವರಿಗೆ ಪಾಸಿಟಿವ್ ಬಂತು. ರಾಮನಗರದವರು ಬೊಬ್ಬೆ ಹಾಕಿದ ಮೇಲೆ ವಾಪಸ್ ಬೆಂಗಳೂರಿಗೆ ತಂದರು. ಸೋಂಕು ಹರಡಬಾರದು ಅನ್ನುವ ಕಾನೂನನ್ನು ಜಾರಿ ಮಾಡುವ ಭರದಲ್ಲಿ ಸರ್ಕಾರವೇ ಸೋಂಕಿಗೆ ಗಾಡಿ ಮಾಡಿಕೊಟ್ಟಿತು. ಅದೇ ವಾರ ರಾಜ್ಯ ಸರ್ಕಾರ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ ತಂದಿತು, ಮೂರು ವರ್ಷದವರೆಗೆ ಜೈಲು ಅಂತ.

ರಾವೂರಿನಲ್ಲಿ ಕೇಸಾಯಿತು, ತೇರು ತಡೆಯದ ಪಿಎಸ್ಐ ಅಮಾನತಾದರು. ನಿಖಿಲ್ ಮದುವೆ ಬಗ್ಗೆ ಹೈಕೋರ್ಟು ಸರ್ಕಾರದಿಂದ ವಿವರಣೆ ಕೇಳಿತು. ಆದರೆ ಅಷ್ಟರಲ್ಲಿ ಮುಖ್ಯಮಂತ್ರಿಗಳು, ಅನುಮತಿ ಕೊಟ್ಟಿತ್ತು, ಸರಳವಾಗಿ ಮಾಡಿದ್ದಾರೆ, ಅದರ ಬಗ್ಗೆ ಚರ್ಚೆ ಬೇಡ ಅನ್ನುವ ಅರ್ಥದಲ್ಲಿ ಮಾತು ಮುಗಿಸಿದ್ದರು. ಅನುಮತಿ! ಇಡೀ ಕಥೆಯ ಬೀಗದ ಕೈ ಈ ಪದ. ವೈರಸ್ಸಿಗೆ ಅನುಮತಿ ಪತ್ರ ಓದಲು ಬರುವುದಿಲ್ಲ. ತಲೆ ಎಣಿಸಿ ನಿಯಮ ಮಾಡಿದ್ದೇವೆ ಅಂದುಕೊಂಡಿದ್ದೆವು. ನಿಜಕ್ಕೂ ಎಣಿಸುತ್ತಿದ್ದದ್ದು ತಲೆಯ ಹಿಂದೆ ಇರುವ ಹೆಸರನ್ನು. ಅದೇ ತಿಂಗಳು ಊರಲ್ಲಿ ಅಜ್ಜಿ ಸತ್ತರೆ ಹೋಗಲು ಪಾಸ್ ಸಿಗದೆ ವಿಡಿಯೋ ಕಾಲಿನಲ್ಲಿ ಮುಖ ನೋಡಿದವರು ನನಗೇ ನಾಲ್ಕು ಜನ ಗೊತ್ತು.

ಚರ್ಚೆ ಹೇಗೆ ನಡೆಯಿತು ಹೇಳಿ? ಪಾದರಾಯನಪುರ ಅಂದವರಿಗೆ ರಾವೂರು ಅಂತ ಉತ್ತರ. ರಾವೂರು ಅಂದವರಿಗೆ ನಿಜಾಮುದ್ದೀನ್. ನಿಖಿಲ್ ಅಂದವರಿಗೆ ಬೆಳಗಾವಿ. ಇಸ್ಪೀಟಿನಲ್ಲಿ ಎಲೆ ಬೀಸಿ ಒಗೆದ ಹಾಗೆ. ಪ್ರತಿಯೊಬ್ಬನ ಕೈಯಲ್ಲೂ ಎದುರಾಳಿಯ ಒಂದು ಗುಂಪಿನ ಫೋಟೋ ಇತ್ತು, ತನ್ನ ಕಡೆಯ ಗುಂಪಿಗೊಂದು ಸಮಜಾಯಿಷಿ ಇತ್ತು. ತಬ್ಲೀಗಿ ಸಮಾವೇಶದ ವಿಷಯದಲ್ಲಿ ಇದು ಆಟದ ಮಟ್ಟ ದಾಟಿ ತಳ್ಳುಗಾಡಿಯ ಹಣ್ಣಿನ ವ್ಯಾಪಾರಿಗಳನ್ನು ಬಡಾವಣೆಯಿಂದ ಓಡಿಸುವವರೆಗೆ ಹೋಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಆ ವಿದೇಶಿಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿ, ಅವರನ್ನು ಬಲಿಪಶು ಮಾಡಲಾಗಿದೆ ಎಂಬರ್ಥದ ಮಾತು ಬರೆದಾಗ ಅದು ಎಷ್ಟು ಚಾನೆಲ್ಲಿನಲ್ಲಿ ಎಷ್ಟು ನಿಮಿಷ ಬಂತು? ಏಪ್ರಿಲ್‌ನ ಆರ್ಭಟ ನೆನಪಿರುವವರು ಹೋಲಿಸಿ ನೋಡಬಹುದು.

ಇಷ್ಟರ ನಡುವೆ ಸರ್ಕಾರವೇ ಸೃಷ್ಟಿ ಮಾಡಿದ ಗುಂಪುಗಳ ಬಗ್ಗೆ ಚರ್ಚೆ ಬೇಗ ಸುಸ್ತಾಗುತ್ತಿತ್ತು. ಮೇ ಮೊದಲ ವಾರ ಊರಿಗೆ ಹೋಗುವ ಕಾರ್ಮಿಕರು ಮೆಜೆಸ್ಟಿಕ್ಕಿನಲ್ಲಿ ಸಾವಿರಗಟ್ಟಲೆ ಸೇರಿದರು. ಬಸ್ಸಿನ ದರ ಮೊದಲು ದುಪ್ಪಟ್ಟು, ಕೂಗಾಟವಾದ ಮೇಲೆ ಉಚಿತ. ಬೇರೆ ರಾಜ್ಯದವರಿಗೆ ಶ್ರಮಿಕ್ ರೈಲು ಬಿಟ್ಟರು. ಬಿಲ್ಡರುಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ಬೆನ್ನಲ್ಲೇ ರೈಲು ಬೇಡ ಅಂತ ರಾಜ್ಯ ಸರ್ಕಾರ ಬರೆಯಿತು. ದೇಶವೆಲ್ಲ ಉಗಿದ ಮೇಲೆ ಮತ್ತೆ ಬೇಕು ಅಂತ ಬರೆಯಿತು. ಬಿಹಾರದ, ಒಡಿಶಾದ ಹುಡುಗರು ಗಂಟುಮೂಟೆ ಹೊತ್ತು ಸ್ಟೇಷನ್ನಿಂದ ಸ್ಟೇಷನ್ನಿಗೆ ಅಲೆದರು. ಆ ಗುಂಪನ್ನು ಸೇರಿಸಿದ್ದು ಯಾರು? ಚದುರಿಸುವವರ ಕೈಗೆ ಸಿಕ್ಕದ್ದು ಯಾರು?

ಅದೇ ಮೇ 4ಕ್ಕೆ ಮದ್ಯದಂಗಡಿ ತೆರೆದಾಗ ಏನಾಯಿತು ಅಂತಲೂ ನೆನಪಿಸಿಕೊಳ್ಳಿ. ಬೆಳಗಿನ ಜಾವಕ್ಕೇ ಕ್ಯೂ. ರಸ್ತೆ ಮೇಲೆ ಸುಣ್ಣದಲ್ಲಿ ಸುತ್ತು ಹಾಕಿದ್ದರು, ಸರ್ವೆಕಂಬ ಕಟ್ಟಿದ್ದರು, ಪೊಲೀಸರು ನಿಂತು ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಗಲಾಟೆ ಆದ ಕಡೆ ಆಯಿತು, ಆದರೆ ಬಹುತೇಕ ಕಡೆ ಜನ ಶಿಸ್ತಾಗಿ ನಿಂತರು. ನಗಬೇಡಿ, ನನಗೆ ಅದು ಆ ವರ್ಷದ ಅತ್ಯುತ್ತಮ ಪೊಲೀಸಿಂಗ್ ಅನಿಸಿತ್ತು. ಖಜಾನೆಗೆ ದುಡ್ಡು ಬೇಕು ಅಂದಾಗ ಗುಂಪನ್ನು ಹೊಡೆಯದೆ ಸಾಲು ಮಾಡಿ ನಿಲ್ಲಿಸುವುದು ನಮ್ಮ ವ್ಯವಸ್ಥೆಗೆ ಚೆನ್ನಾಗಿಯೇ ಬರುತ್ತದೆ. ತರಕಾರಿ ಮಾರ್ಕೆಟ್ಟಿಗೂ ರೈಲ್ವೆ ಸ್ಟೇಷನ್ನಿಗೂ ಅದೇ ಸುಣ್ಣ ಸಾಕಿತ್ತಲ್ಲ?

ಆಮೇಲೆ ದಂಡದ ಕಾಲ ಬಂತು. ಬಿಬಿಎಂಪಿ ಮಾರ್ಷಲ್‌ಗಳು ಸಿಗ್ನಲ್ಲುಗಳಲ್ಲಿ ರಸೀದಿ ಪುಸ್ತಕ ಹಿಡಿದು ನಿಂತರು. 2020ರ ಅಕ್ಟೋಬರ್‌ನಲ್ಲಿ ನಗರಗಳಲ್ಲಿ ಮಾಸ್ಕ್ ದಂಡವನ್ನು 1000 ರೂಪಾಯಿಗೆ ಏರಿಸಿದರು. ಜನ ತಿರುಗಿಬಿದ್ದಾಗ ಕೆಲವೇ ದಿನದಲ್ಲಿ 250ಕ್ಕೆ ಇಳಿಸಿದರು. ನಮ್ಮಂಥವರ ಕಣ್ಣು ಕೆಂಪಾದದ್ದು ಆವಾಗ. ಬೇರೆಯವರ ತೊಡೆಗೆ ಬಿದ್ದ ಏಟು ‘ರುಚಿ’, ನಮ್ಮ ಪರ್ಸಿಗೆ ಬಿದ್ದ ಏಟು ‘ಸುಲಿಗೆ’. ಒಬ್ಬನೇ ಕಾರಿನಲ್ಲಿ ಹೋಗುವವನಿಗೆ ಮಾಸ್ಕ್ ಯಾಕೆ ಅಂತ ನಡೆದ ಟ್ವಿಟರ್ ಯುದ್ಧದ ಕಾಲು ಭಾಗ ಶ್ರಮವನ್ನು ಮಾರ್ಚ್‌ನ ಬಸ್ಕಿಗಳ ಬಗ್ಗೆ ಹಾಕಿದ್ದರೆ!

ನ್ಯಾಯವಾಗಿ ಹೇಳಬೇಕು ಅಂದ್ರೆ, ಕೇಳಬೇಕಾದ ಪ್ರಶ್ನೆ ಕೇಳಿದ್ದು ಕರ್ನಾಟಕ ಹೈಕೋರ್ಟು. ಮಾಸ್ಕ್ ಮತ್ತು ಅಂತರದ ನಿಯಮಗಳ ಜಾರಿ ಕುರಿತ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕ ಅವರ ಪೀಠ, 2020ರ ಸೆಪ್ಟೆಂಬರ್ 30ರಂದು ಸಂಸದ ತೇಜಸ್ವಿ ಸೂರ್ಯ ಅವರ ಸ್ವಾಗತಕ್ಕೆ ನಡೆದ ರ‍್ಯಾಲಿಯ ಬಗ್ಗೆ ಪೊಲೀಸರನ್ನು ಬಿಡದೆ ಕೇಳಿತು. ಕೊನೆಗೆ ಸಂಸದರು 250 ರೂಪಾಯಿ ದಂಡ ಕಟ್ಟಿದ್ದಾರೆ ಅಂತ ಕೋರ್ಟಿಗೆ ಉತ್ತರ ಹೋಯಿತು. 2021ರ ಜನವರಿ 17ರಂದು ಬೆಳಗಾವಿಯಲ್ಲಿ ನಡೆದ ಅಮಿತ್ ಶಾ ಅವರ ಭಾರೀ ಸಭೆಯ ಬಗ್ಗೆಯೂ ಇದೇ ಪ್ರಶ್ನೆ: ಎಫ್‌ಐಆರ್ ಯಾಕಿಲ್ಲ? ಮಾಸ್ಕ್ ಹಾಕದವರಿಂದ ದಂಡ ವಸೂಲಿ ಮಾಡಿದ್ದೇವೆ ಅಂತ ಪೊಲೀಸರು ಲೆಕ್ಕ ಕೊಟ್ಟರು. ಮೈದಾನ ತುಂಬ ಜನ ಸೇರಿಸಿದ ಸಂಘಟಕರ ಲೆಕ್ಕ ಅದರಲ್ಲಿ ಇರಲಿಲ್ಲ.

ಹೀಗೆ ಮೂರು ಬಗೆಯ ಪೊಲೀಸಿಂಗ್ ಒಂದೇ ನಿಯಮದ ಹೆಸರಿನಲ್ಲಿ ನಡೆಯಿತು. ಕಾಲ್ನಡಿಗೆಯವನಿಗೆ, ಸೆಕೆಂಡ್‌ಹ್ಯಾಂಡ್ ಬೈಕಿನವನಿಗೆ ಕೋಲು. ಕಾರಿನವನಿಗೆ ರಸೀದಿ. ವೇದಿಕೆ ಮೇಲಿದ್ದವರಿಗೆ ಬಂದೋಬಸ್ತ್. ಮೂರನೆಯದರಲ್ಲಿ ಪೊಲೀಸರು ಗುಂಪಿನ ಎದುರು ನಿಲ್ಲಲಿಲ್ಲ, ಗುಂಪಿಗೆ ದಾರಿ ಮಾಡಿಕೊಡಲು ನಿಂತರು.

ಇಲ್ಲಿ ಕಾನ್‌ಸ್ಟೆಬಲ್ಲಿನ ಮಾತೂ ಬರಬೇಕು. ಆತ ಬಿಸಿಲಲ್ಲಿ ಹನ್ನೆರಡು ಗಂಟೆ ಬ್ಯಾರಿಕೇಡಿನ ಹತ್ತಿರ ನಿಂತಿದ್ದ, ಮನೆಗೆ ಹೋದರೆ ಮಗುವನ್ನು ಎತ್ತಿಕೊಳ್ಳಲು ಹೆದರುತ್ತಿದ್ದ. ಸೋಂಕು ತಗುಲಿ ಎಷ್ಟೋ ಪೊಲೀಸರು ಸತ್ತರು. ಆತನ ಕೈಗೆ ಕೊಟ್ಟದ್ದೇನು? ದಿನಕ್ಕೊಂದು ಮಾರ್ಗಸೂಚಿ. 2021ರ ಮೇ 10ರ ಲಾಕ್‌ಡೌನಿಗೆ ಮೊದಲು ದಿನಸಿ ತರಲೂ ಗಾಡಿ ತೆಗೆಯುವಂತಿಲ್ಲ, ನಡೆದೇ ಹೋಗಿ ಅಂದರು. ಜನ ಕೂಗಾಡಿದ ಮೇಲೆ ಹತ್ತಿರದ ಅಂಗಡಿಗಾದರೆ ಗಾಡಿ ಪರವಾಗಿಲ್ಲ ಅಂದರು. ಹತ್ತಿರ ಅಂದರೆ ಎಷ್ಟು? ಆದೇಶ ಬರೆದ ಐಎಎಸ್ ಅಧಿಕಾರಿ ಉತ್ತರಿಸದ ಪ್ರಶ್ನೆಗೆ ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿ ಬಂದ ಹುಡುಗ ಸರ್ಕಲ್ಲಿನಲ್ಲಿ ನಿಂತು ಎರಡು ಸೆಕೆಂಡಿನಲ್ಲಿ ಉತ್ತರ ಕೊಡಬೇಕು. ಮೇಲಿನವರು ಅಸ್ಪಷ್ಟವಾಗಿ ಬರೆದದ್ದನ್ನು ಕೆಳಗಿನವನು ಕೋಲಿನಿಂದ ಸ್ಪಷ್ಟ ಮಾಡುತ್ತಾನೆ. ಅವನೊಬ್ಬನನ್ನೇ ವಿಲನ್ ಮಾಡಿದ ವಿಡಿಯೋಗಳೂ, ಅವನನ್ನು ಸಿಂಗಂ ಮಾಡಿದ ವಿಡಿಯೋಗಳೂ ನನಗೆ ಒಂದೇ ಥರ ಕಾಣುತ್ತವೆ. ಎರಡೂ ಕ್ಯಾಮೆರಾವನ್ನು ಬ್ಯಾರಿಕೇಡಿನ ಮಟ್ಟಕ್ಕಿಂತ ಮೇಲೆ ಎತ್ತಲಿಲ್ಲ.

ಆದರೆ ಹಾಗಂತ ಕೋಲಿನ ವಿಷಯ ಹಗುರ ಅಲ್ಲ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಮೊಬೈಲ್ ಅಂಗಡಿಯ ಅಪ್ಪ, ಮಗ, ಜಯರಾಜ್ ಮತ್ತು ಬೆನಿಕ್ಸ್, ಲಾಕ್‌ಡೌನಿನ ಸಮಯ ಮೀರಿ ಅಂಗಡಿ ತೆರೆದಿದ್ದರು ಅನ್ನುವ ಆರೋಪದಲ್ಲಿ ಠಾಣೆಗೆ ಹೋದರು. ಅಲ್ಲಿ ರಾತ್ರಿಯಿಡೀ ಹೊಡೆದರು. ಕೆಲವೇ ದಿನಗಳಲ್ಲಿ ಇಬ್ಬರೂ ಸತ್ತರು. 188ನೇ ಸೆಕ್ಷನ್ನಿನ ಲೆಕ್ಕದಲ್ಲಿ 200 ರೂಪಾಯಿಯ ಅಪರಾಧ. ಆಗ ದೇಶವೆಲ್ಲ ಬೆಚ್ಚಿಬಿತ್ತು, ಸರಿ. ಆದರೆ ಮೂರು ತಿಂಗಳು ಬೀದಿಯಲ್ಲಿ ಕೈತಟ್ಟಿಸಿಕೊಂಡ ಕೋಲು ಠಾಣೆಯೊಳಗೆ ಹೋದಾಗ ಬೇರೆ ಥರ ವರ್ತಿಸಬೇಕು ಅಂತ ಯಾಕೆ ನಿರೀಕ್ಷಿಸಬೇಕಿತ್ತು?

ಬೇರೆ ದೇಶದಲ್ಲಿ ಎಲ್ಲ ಸರಿಯಿತ್ತು ಅಂತ ಹೇಳುವ ಎನ್‌ಆರ್‌ಐ ಚಟ ನನಗಿಲ್ಲ. ಲಂಡನ್ನಿನಲ್ಲಿ 2021ರ ಮಾರ್ಚ್‌ನಲ್ಲಿ ಸಾರಾ ಎವರಾರ್ಡ್ ಎಂಬ ಯುವತಿಯನ್ನು ಒಬ್ಬ ಪೊಲೀಸನೇ ಕೊರೊನಾ ನಿಯಮ ಮುರಿದೆ ಅನ್ನುವ ನೆಪದಲ್ಲಿ ಕೈಕೋಳ ತೊಡಿಸಿ ಕರೆದೊಯ್ದು ಕೊಂದ. ಆಕೆಗಾಗಿ ಕ್ಲಾಪಮ್ ಕಾಮನ್ ಮೈದಾನದಲ್ಲಿ ದೀಪ ಹಚ್ಚಲು ಸೇರಿದ ಹೆಂಗಸರನ್ನು ಅದೇ ನಿಯಮ ತೋರಿಸಿ ಪೊಲೀಸರು ನೆಲಕ್ಕೆ ಕೆಡವಿದರು. ಅಲ್ಲಿನ ಪ್ರಧಾನಿ ಕಚೇರಿಯಲ್ಲಿ ಪಾರ್ಟಿಗಳೂ ನಡೆದವು. ವ್ಯತ್ಯಾಸ ಒಂದೇ: ಚರ್ಚೆ ಎಲ್ಲೋ ಒಂದು ಕಡೆ ಹೋಗಿ ಮುಟ್ಟಿತು. ದೀಪ ಹಚ್ಚಲು ಕರೆ ಕೊಟ್ಟಿದ್ದವರ ಹಕ್ಕನ್ನು ಪೊಲೀಸರು ಉಲ್ಲಂಘಿಸಿದ್ದಾರೆ ಅಂತ 2022ರಲ್ಲಿ ಕೋರ್ಟು ಹೇಳಿತು. ಪಾರ್ಟಿಗಳಿಗೆ 126 ದಂಡದ ನೋಟಿಸು ಹೋದವು, ಅದರಲ್ಲೊಂದು ಪ್ರಧಾನಿಗೇ. ನಮ್ಮಲ್ಲಿ ಚರ್ಚೆ ಮುಂದಿನ ವಿಡಿಯೋ ಬರುವವರೆಗೆ ಮಾತ್ರ.

ಇದೆಲ್ಲ ಪ್ಯಾಂಡೆಮಿಕ್ಕಿನ ಜೊತೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಹಿಂದಿನದ್ದನ್ನೂ ಮುಂದಿನದ್ದನ್ನೂ ಸೇರಿಸಿ ನೋಡಿ. 2019ರ ಡಿಸೆಂಬರ್‌ನಲ್ಲಿ ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆ ತಡೆಯಲು ಬೆಂಗಳೂರಿನಲ್ಲಿ 144 ಹಾಕಿದ್ದರು. ಟೌನ್‌ಹಾಲ್ ಎದುರು ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದು ಬಸ್ಸಿಗೆ ಹತ್ತಿಸಿದ್ದನ್ನು ಎಲ್ಲರೂ ನೋಡಿದ್ದಾರೆ. ಆ 144ರ ಆದೇಶ ಕಾನೂನುಬಾಹಿರ ಅಂತ ಹೈಕೋರ್ಟು 2020ರ ಫೆಬ್ರವರಿ 13ಕ್ಕೆ ತೀರ್ಪು ಕೊಟ್ಟಿತು. ಜನ ಸೇರುವುದನ್ನು ಸುಮ್ಮನೆ ತಡೆಯುವ ಹಾಗಿಲ್ಲ, ಕಾರಣ ಬರೆಯಬೇಕು, ಯೋಚಿಸಿ ಬರೆಯಬೇಕು. ಎಷ್ಟು ದೊಡ್ಡ ಮಾತು! ಒಂದು ತಿಂಗಳು ಕಳೆಯುವಷ್ಟರಲ್ಲಿ ಕೊರೊನಾ ಬಂತು, 144 ಮತ್ತೆ ಬಂತು, ಈ ಸಲ ಕಾರಣ ಯಾರೂ ಕೇಳಬೇಕಿರಲಿಲ್ಲ. ತೀರ್ಪಿನ ಶಾಯಿ ಒಣಗುವ ಮುಂಚೆಯೇ ಅದನ್ನು ಮರೆಯಲು ಒಂದು ಪ್ರಾಮಾಣಿಕ ಕಾರಣ ಸಿಕ್ಕಿಬಿಟ್ಟಿತು.

2022ರ ಜನವರಿಯಲ್ಲಿ ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆ. ವಾರಾಂತ್ಯದ ಕರ್ಫ್ಯೂ ನಡುವೆಯೇ ಒಂಬತ್ತನೇ ತಾರೀಖು ಸಂಗಮದಿಂದ ಹೊರಟರು. ದಿನಕ್ಕೊಂದು ಎಫ್‌ಐಆರ್, ದಿನಕ್ಕಿಷ್ಟು ಕಿಲೋಮೀಟರ್. ತಡೆಯುವ ಧೈರ್ಯ ಸರ್ಕಾರಕ್ಕಿರಲಿಲ್ಲ, ನಿಲ್ಲಿಸುವ ಸಂಕೋಚ ನಡೆಯುವವರಿಗಿರಲಿಲ್ಲ. ಹೈಕೋರ್ಟು ಇಬ್ಬರನ್ನೂ ತರಾಟೆಗೆ ತೆಗೆದುಕೊಂಡ ಮೇಲೆ ಹದಿಮೂರಕ್ಕೆ ರಾಮನಗರದಲ್ಲಿ ನಿಂತಿತು. ಆ ದಿನಗಳಲ್ಲಿ ಟೀವಿಯಲ್ಲಿ ಕೂತು ‘ಕಾನೂನು ಎಲ್ಲರಿಗೂ ಒಂದೇ’ ಅಂದವರು, ಎರಡು ವರ್ಷದ ಹಿಂದೆ ಬಿರಿಯಾನಿಯ ದಿನ ಎಲ್ಲಿದ್ದರು ಅಂತ ಕೇಳುವ ಆಸೆ ನನಗೂ ಆಯಿತು. ನುಂಗಿಕೊಂಡೆ. ಅದೇ ಇಸ್ಪೀಟಾಟ ಮತ್ತೆ ಶುರುವಾಗುತ್ತದೆ.

ಅಷ್ಟರಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ಆಗಿಹೋಗಿತ್ತು. ಮೆರವಣಿಗೆಗಳಿಂದ ಟ್ರಾಫಿಕ್ ಜಾಮ್ ಆಗುತ್ತದೆ ಅಂತ 2021ರಲ್ಲಿ ಹೈಕೋರ್ಟು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದ ಹಿನ್ನೆಲೆಯಲ್ಲಿ, ಬೆಂಗಳೂರಿನಲ್ಲಿ ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ ಮಾತ್ರ, ಅದೂ ಪೊಲೀಸರ ಲೈಸೆನ್ಸ್ ಪಡೆದು, ಅನ್ನುವ ಆದೇಶ ಬಂತು. 144ಕ್ಕೆ ಒಂದು ಅವಧಿಯಾದರೂ ಇರುತ್ತದೆ, ಇದಕ್ಕೆ ಇಲ್ಲ. ಫ್ರೀಡಂ ಪಾರ್ಕ್ ಅಂದರೆ ಹಳೇ ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ದೊಡ್ಡ ದೊಡ್ಡ ನಾಯಕರನ್ನು ಇಟ್ಟಿದ್ದ ಜಾಗ. ಈ ಆದೇಶ ಬಂದಾಗ ನಗರ ಮುನಿಸಿಕೊಳ್ಳಲಿಲ್ಲ. ಅನುಮತಿ ಇದ್ದರೆ ಕಾರ್ಯಕ್ರಮ, ಇಲ್ಲದಿದ್ದರೆ ಗುಂಪು ಅನ್ನುವ ಪಾಠವನ್ನು ಎರಡು ವರ್ಷ ಬಾಯಿಪಾಠ ಮಾಡಿದ್ದೆವಲ್ಲ. ಯಾವ ಪಕ್ಷದ ಸರ್ಕಾರ ಬಂದರೂ ಇಂಥ ಆದೇಶ ಹಿಂದಕ್ಕೆ ಪಡೆಯುವ ತುರ್ತು ಯಾರಿಗೂ ಇರುವುದಿಲ್ಲ.

2020ರ ಮಾರ್ಚ್ 22ರ ಸಂಜೆ ಐದಕ್ಕೆ ಬಾಲ್ಕನಿಗಳಿಂದ ತಟ್ಟೆ ಬಡಿದು ಯಾರಿಗೆ ವಂದನೆ ಹೇಳಿದ್ದೆವೋ ಆ ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ, ತಿಂಗಳಿಗೆ ಹದಿನೈದು ಸಾವಿರ ಗೌರವಧನದ ಖಾತ್ರಿ ಕೊಡಿ ಅಂತ ರಾಜ್ಯದ ಮೂಲೆಮೂಲೆಯಿಂದ ಬಂದು ನಾಲ್ಕು ದಿನ ಅದೇ ಫ್ರೀಡಂ ಪಾರ್ಕಿನಲ್ಲಿ ಕೂತರು. ಚಳಿಯಲ್ಲಿ ರಾತ್ರಿಯೂ ಅಲ್ಲೇ. ಆ ನಾಲ್ಕು ದಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಅವರ ಬಗ್ಗೆ ಬಂದ ಮೆಸೇಜು ಒಂದೇ ಒಂದು: ಶೇಷಾದ್ರಿ ರೋಡ್ ಕಡೆ ಹೋಗಬೇಡಿ, ಜಾಮ್ ಇದೆ.